ವರ್ಷದ ಆಟವೋ, ಯುಗದ ಆಟವೋ?

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಂಥ ಊರುಗಳಲ್ಲಿ, ಜಗಲಿಯ ಕಲ್ಲಿನ ಮೇಲೆ ಸೀಮೆಸುಣ್ಣದಿಂದ 25 ಮನೆಗಳನ್ನು ಬರೆದು ಚೌಕಾಬಾರ ಆಡಿದವರು ಹಿರಿಯರಲ್ಲಿ ಅನೇಕರಿದ್ದಾರೆ. ಆಟಕ್ಕೆ ಬೇಕಾದದ್ದು ನಾಲ್ಕು ಕವಡೆ, ಒಂದಿಷ್ಟು ಕಾಯಿಗಳು, ಅಷ್ಟೆ. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಈ ಆಟವನ್ನು ಕಂಡುಹಿಡಿದವರು ಯಾರೆಂದು ಯಾರಿಗೂ ತಿಳಿಯದು. ಅದಕ್ಕೆ ಯಾವ ವರ್ಷವೂ ಯಾರೂ ಪ್ರಶಸ್ತಿ ಕೊಡಲಿಲ್ಲ. ಆದರೂ ಅದು ತಲೆಮಾರುಗಳನ್ನು ದಾಟಿ ಬಂತು. ಕಾರಣ ಸರಳ: ಒಬ್ಬರು ಆಡಿದ್ದನ್ನು ಇನ್ನೊಬ್ಬರು ಕಲಿತರು, ಕಲಿತವರು ತಮ್ಮೂರಿನ ನಿಯಮ ಸೇರಿಸಿಕೊಂಡರು.

ಇಂದು ಅದೇ ಜಗಲಿಯ ಮೇಲೆ ಕುಳಿತ ಹುಡುಗರ ಕೈಯಲ್ಲಿ ಮೊಬೈಲ್ ಇದೆ. ಅದರೊಳಗಿನ ಆಟಗಳಿಗೆ ಪ್ರತಿ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ದೊಡ್ಡ ಸಮಾರಂಭ ನಡೆಸಿ 'ವರ್ಷದ ಆಟ' ಎಂಬ ಪ್ರಶಸ್ತಿ ಕೊಡುತ್ತಾರೆ. ಮರುದಿನದಿಂದಲೇ ಆಟಗಾರರಲ್ಲಿ ವಾದ ಶುರುವಾಗುತ್ತದೆ. ಪ್ರಶಸ್ತಿ ಸರಿಯಾದ ಆಟಕ್ಕೆ ಬಂತೆ? ಹತ್ತು ವರ್ಷದ ನಂತರ ಜನ ನೆನೆಯುವುದು ಅದೇ ಆಟವನ್ನೆ? ಈ ವಾದ ಅತಿ ಹೆಚ್ಚು ಕಾವೇರುವುದು 'ರೋಲ್ ಪ್ಲೇಯಿಂಗ್' ಅಥವಾ ಪಾತ್ರಾಭಿನಯ ಆಟಗಳ ವಿಷಯದಲ್ಲಿ. ಈ ಆಟಗಳ ಐವತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ವಾದಕ್ಕೆ ಒಂದು ಉತ್ತರ ಸಿಗುತ್ತದೆ. ಆ ಉತ್ತರಕ್ಕೂ ಕನ್ನಡಕ್ಕೂ ಸಂಬಂಧವಿದೆ.

ಪೆನ್ಸಿಲ್, ಕಾಗದ, ದಾಳ

ಪಾತ್ರಾಭಿನಯ ಆಟ ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ, ಮೇಜಿನ ಮೇಲೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ನಿಯಮಪುಸ್ತಕಗಳ ಪೆಟ್ಟಿಗೆಯನ್ನು ಪ್ರಕಟಿಸಿದರು. ಮೊದಲ ಮುದ್ರಣ ಕೇವಲ 1,000 ಪ್ರತಿ.

ಆಟದ ರೀತಿ ನಮ್ಮ ಬಯಲಾಟ ಬಲ್ಲವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಒಬ್ಬರು ಮೇಷ್ಟ್ರು, ಕಥೆಯ ಊರು, ಕಾಡು, ಗವಿ, ಶತ್ರುಗಳೆಲ್ಲ ಅವರ ಕೈಯಲ್ಲಿ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಆದರೆ ಇಲ್ಲಿ ಮೊದಲೇ ಬರೆದಿಟ್ಟ ಮಾತುಗಳಿಲ್ಲ. 'ನಾನು ಬಾಗಿಲನ್ನು ಒದ್ದು ತೆರೆಯುತ್ತೇನೆ' ಎಂದು ಪಾತ್ರಧಾರಿ ಹೇಳುತ್ತಾನೆ. ಬಾಗಿಲು ತೆರೆಯಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ಪ್ರತಿ ಪಾತ್ರಕ್ಕೂ ಶಕ್ತಿ, ಬುದ್ಧಿ, ವಿವೇಕ, ತಾಳಿಕೆ, ಚುರುಕು, ವರ್ಚಸ್ಸು ಎಂಬ ಆರು ಗುಣಗಳಿದ್ದವು. ಪ್ರತಿಯೊಂದರ ಅಂಕವನ್ನು ಮೂರು ದಾಳ ಉರುಳಿಸಿ ಕೂಡಿ ಪಡೆಯಬೇಕಿತ್ತು. ಇಲ್ಲೊಂದು ಸೊಗಸಾದ ಗಣಿತವಿದೆ. ಮೂರು ದಾಳಗಳು 216 ಬಗೆಯಲ್ಲಿ ಬೀಳಬಹುದು. ಮೊತ್ತ 18 ಆಗುವುದು ಅವುಗಳಲ್ಲಿ ಒಂದೇ ಒಂದು ಬಗೆಯಲ್ಲಿ. 10 ಅಥವಾ 11 ಆಗುವುದು 54 ಬಗೆಯಲ್ಲಿ, ಅಂದರೆ ನಾಲ್ಕರಲ್ಲಿ ಒಂದು ಸಲ. ಹಾಗಾಗಿ ಹೆಚ್ಚಿನ ಪಾತ್ರಗಳು ನಮ್ಮ ನಿಮ್ಮಂತೆ ಸಾಧಾರಣರೇ ಆಗುತ್ತಾರೆ, ಭೀಮನಂಥವರು ಅಪರೂಪ. ಆಡುತ್ತಾ ಹೋದಂತೆ ಪಾತ್ರಕ್ಕೆ ಅನುಭವದ ಅಂಕ ಸೇರುತ್ತದೆ, ಅದು ಮೆಟ್ಟಿಲೇರಿ ಬಲವಾಗುತ್ತದೆ. ಗುಣಗಳಿಗೆ ಅಂಕ, ಅನುಭವದಿಂದ ಏರುವ ಮೆಟ್ಟಿಲು, ಆಟಗಾರನೇ ಮಾಡುವ ಆಯ್ಕೆ: ಈ ಮೂರನ್ನು ನೆನಪಿನಲ್ಲಿಡಿ. ಮುಂದಿನ ಐವತ್ತು ವರ್ಷಗಳ ಆಟಗಳಲ್ಲಿ ಇವೇ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ದಾಳ ಕಂಪ್ಯೂಟರಿಗೆ ಬಂದದ್ದು

ಲೆಕ್ಕ ಮಾಡುವುದು ಕಂಪ್ಯೂಟರಿಗೆ ಹೇಳಿ ಮಾಡಿಸಿದ ಕೆಲಸ. ಆದ್ದರಿಂದ ಮೇಷ್ಟ್ರ ಕೆಲಸವನ್ನು ಅದಕ್ಕೆ ವಹಿಸುವ ಯೋಚನೆ ಬೇಗನೆ ಬಂತು. 1970ರ ದಶಕದ ನಡುವಿನಲ್ಲೇ ಇಲಿನಾಯ್ ವಿಶ್ವವಿದ್ಯಾಲಯದ 'ಪ್ಲೇಟೊ' ಎಂಬ ಶೈಕ್ಷಣಿಕ ಕಂಪ್ಯೂಟರ್ ಜಾಲದಲ್ಲಿ ವಿದ್ಯಾರ್ಥಿಗಳು ಇಂಥ ಆಟಗಳನ್ನು ಬರೆದರು.

ಅದೇ ಕಾಲದಲ್ಲಿ ಟೆಕ್ಸಾಸ್‌ನ ರಿಚರ್ಡ್ ಗ್ಯಾರಿಯಟ್ ಎಂಬ ಶಾಲಾ ಹುಡುಗ ತನ್ನ ಶಾಲೆಯ ಟೆಲಿಟೈಪ್ ಯಂತ್ರದಲ್ಲಿ ಪಾತ್ರಾಭಿನಯ ಆಟಗಳನ್ನು ಬರೆಯತೊಡಗಿದ. ಒಂದಾದ ಮೇಲೊಂದು 28 ಆವೃತ್ತಿ. ಆ ಬಳಿಕ ಅದನ್ನು ಆಪಲ್-2 ಕಂಪ್ಯೂಟರಿಗೆ ಒಗ್ಗಿಸಿ 'ಅಕಲಬೆತ್' ಎಂದು ಹೆಸರಿಟ್ಟ. ಮೊದಲ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾನು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲೇ ಮಾರಾಟಕ್ಕಿಟ್ಟ. 1981ರಲ್ಲಿ ಆತನ 'ಅಲ್ಟಿಮಾ' ಬಂತು. ಅದೇ ವರ್ಷ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಅವರ 'ವಿಝರ್ಡ್ರಿ' ಬಂತು.

ಜಪಾನಿನ ಯೂಜಿ ಹೋರಿ ಈ ಎರಡನ್ನೂ ಆಡಿ ಮೆಚ್ಚಿದರು. ಅಲ್ಟಿಮಾದಿಂದ ಮೇಲಿನಿಂದ ನೋಡುವ ಭೂಪಟ, ವಿಝರ್ಡ್ರಿಯಿಂದ ಸರದಿಯ ಕಾಳಗ, ಇವೆರಡನ್ನು ಬೆಸೆದು 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ರಚಿಸಿದರು. ಮರುವರ್ಷ 'ಫೈನಲ್ ಫ್ಯಾಂಟಸಿ' ಬಂತು, 1996ರಲ್ಲಿ 'ಪೊಕೆಮಾನ್'. ಪಿಕಾಚುವನ್ನು ಕಾರ್ಟೂನಿನಲ್ಲಿ ಕಂಡ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಅದು ಅಮೆರಿಕದ ಒಂದು ಮೇಜಿನ ಆಟದ ಮರಿಮಗ ಎಂಬುದು ತಿಳಿದಿರಲಾರದು.

ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. 1985ರ 'ಅಲ್ಟಿಮಾ-4' ಆಟದಲ್ಲಿ ಕೊಲ್ಲಲೇಬೇಕಾದ ಮಹಾಶತ್ರು ಇಲ್ಲ. ಕರುಣೆ, ಪ್ರಾಮಾಣಿಕತೆ, ವಿನಯ ಮೊದಲಾದ ಎಂಟು ಗುಣಗಳನ್ನು ಬದುಕಿ ತೋರಿಸುವುದೇ ಗುರಿ. ಹಾಗೆ ಗೆದ್ದ ಆಟಗಾರನನ್ನು ಕರೆದದ್ದು 'ಅವತಾರ' ಎಂದು. ನಾವು ದಶಾವತಾರದಲ್ಲಿ ಕೇಳಿದ ಪದವೇ ಅದು. ಇಂದು ಪರದೆಯ ಮೇಲಿನ ನಮ್ಮ ಪ್ರತಿರೂಪಕ್ಕೆ ಜಗತ್ತೆಲ್ಲ ಅದೇ ಪದವನ್ನು ಬಳಸುತ್ತದೆ. 1996ರಲ್ಲಿ 'ಕಂಪ್ಯೂಟರ್ ಗೇಮಿಂಗ್ ವರ್ಲ್ಡ್' ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ ಆಟಗಳನ್ನು ಪಟ್ಟಿ ಮಾಡಿದಾಗ 'ಅಲ್ಟಿಮಾ-4' ಎರಡನೆಯ ಸ್ಥಾನದಲ್ಲಿತ್ತು. ಆಟ ಬಂದು ಆಗಲೇ 11 ವರ್ಷ ಕಳೆದಿತ್ತು.

ಪ್ರಶಸ್ತಿ ಕೊಡುವವರು ಯಾರು?

ವಿಡಿಯೋ ಆಟಗಳಿಗೆ ಪ್ರಶಸ್ತಿ ಕೊಡುವ ರೂಢಿ 1980ರಷ್ಟು ಹಳೆಯದು. ಆ ವರ್ಷ ಅಮೆರಿಕದ 'ವಿಡಿಯೋ' ಪತ್ರಿಕೆ ಅದನ್ನು ಆರಂಭಿಸಿತು. ಬ್ರಿಟನ್ನಿನ 'ಗೋಲ್ಡನ್ ಜಾಯ್‌ಸ್ಟಿಕ್' 1983ರಿಂದ ನಡೆದಿದೆ. ಅದರ ಆಧಾರ ಜನರ ಮತ. 1998ರಲ್ಲಿ ಆಟ ತಯಾರಕರ ಅಕಾಡೆಮಿಯೊಂದು ವೃತ್ತಿಬಾಂಧವರ ಮತದಿಂದ ಪ್ರಶಸ್ತಿ ಕೊಡತೊಡಗಿತು. ಅದನ್ನು ಈಗ ಡೈಸ್ ಪ್ರಶಸ್ತಿ ಎನ್ನುತ್ತಾರೆ. 2001ರಿಂದ ಆಟ ನಿರ್ಮಾಪಕರ ಸಮ್ಮೇಳನದ ಪ್ರಶಸ್ತಿಗಳಿವೆ. ಬ್ರಿಟನ್ನಿನ ಬಾಫ್ಟಾ ಕೂಡ ಸಿನಿಮಾ, ಟಿವಿಗಳ ಜೊತೆ ಆಟಗಳಿಗೂ ಪ್ರಶಸ್ತಿ ಕೊಡುತ್ತದೆ. ಇಂದು ಅತಿ ಹೆಚ್ಚು ಸದ್ದು ಮಾಡುವ 'ದ ಗೇಮ್ ಅವಾರ್ಡ್ಸ್' ಅನ್ನು ಜೆಫ್ ಕೀಲಿ 2014ರಲ್ಲಿ ಆರಂಭಿಸಿದರು. ಅಲ್ಲಿ ನೂರಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ತೀರ್ಪಿಗೆ ಶೇಕಡ 90 ತೂಕ, ಸಾರ್ವಜನಿಕರ ಮತಕ್ಕೆ ಶೇಕಡ 10.

ಈ ಅಳತೆಗೋಲುಗಳಿಗೆ ಮಿತಿಗಳಿವೆ. ಮೊದಲನೆಯದು ಕಾಲ. ಒಂದು ಹೊಡೆದಾಟದ ಆಟವನ್ನು ಹತ್ತು ಹನ್ನೆರಡು ಗಂಟೆಗಳಲ್ಲಿ ಮುಗಿಸಬಹುದು. ದೊಡ್ಡ ಪಾತ್ರಾಭಿನಯ ಆಟಕ್ಕೆ 50ರಿಂದ 100 ಗಂಟೆ ಬೇಕು. ನವೆಂಬರ್‌ನಲ್ಲಿ ಬಂದ ಅಂಥ ಆಟವನ್ನು ಡಿಸೆಂಬರಿನೊಳಗೆ ಪೂರ್ತಿ ಆಡಿ ತೂಗುವುದು ಯಾವ ತೀರ್ಪುಗಾರರಿಗೂ ಕಷ್ಟ. ಎರಡನೆಯದು ಯಂತ್ರ. ಆಟ ಒಂದೇ ಬಗೆಯ ಯಂತ್ರದಲ್ಲಿ ಓಡುವುದಾದರೆ ಅದನ್ನು ಆಡಿದ ತೀರ್ಪುಗಾರರೇ ಕಡಿಮೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪ್ರಭಾವ ಎಂಬುದು ಆಟದ ಒಳಗಿರುವ ಗುಣವಲ್ಲ. ಮುಂದೆ ಬರುವವರು ಅದರಿಂದ ಏನನ್ನು ಎತ್ತಿಕೊಂಡರು ಎಂಬ ಸಂಬಂಧ. ಮಗು ಹುಟ್ಟಿದ ವರ್ಷವೇ ಅದರ ಮೊಮ್ಮಕ್ಕಳನ್ನು ಎಣಿಸಲಾದೀತೆ?

ಮೂರು ತೀರ್ಪುಗಳು

ಮೊದಲ ಉದಾಹರಣೆ 1998ರದು. ಅಕಾಡೆಮಿಯ ಮೊದಲ ಪ್ರಶಸ್ತಿ ಬಂದದ್ದು 'ಗೋಲ್ಡನ್ ಐ 007' ಎಂಬ ಗುಂಡಿನ ಆಟಕ್ಕೆ. ಜಪಾನಿನ ಪಾತ್ರಾಭಿನಯ ಆಟಗಳನ್ನು ಪಶ್ಚಿಮದ ಮನೆಮನೆಗೆ ಮುಟ್ಟಿಸಿದ 'ಫೈನಲ್ ಫ್ಯಾಂಟಸಿ-7' ತನ್ನ ವಿಭಾಗದ ಪ್ರಶಸ್ತಿಗಳಿಗೆ ತೃಪ್ತಿಪಡಬೇಕಾಯಿತು. ಇದನ್ನು ತಪ್ಪು ತೀರ್ಪು ಎನ್ನುವಂತಿಲ್ಲ. ಟಿವಿಗೆ ಜೋಡಿಸುವ ಯಂತ್ರಗಳಲ್ಲಿ ಗುಂಡಿನ ಆಟ ಹೇಗಿರಬೇಕೆಂದು 'ಗೋಲ್ಡನ್ ಐ' ತೋರಿಸಿಕೊಟ್ಟಿತು. ಎರಡಕ್ಕೂ ವಂಶ ಬೆಳೆಯಿತು.

ಎರಡನೆಯದು 2011ರದು. ಆ ವರ್ಷದ ಸ್ಪೈಕ್ ವಾಹಿನಿಯ ಪ್ರಶಸ್ತಿ ಸಮಾರಂಭದಲ್ಲಿ 'ಸ್ಕೈರಿಮ್' ಎಂಬ ಪಾತ್ರಾಭಿನಯ ಆಟ ಗೆದ್ದಿತು. ವಿಶಾಲವಾದ ನಾಡು, ಎತ್ತ ಬೇಕಾದರೂ ನಡೆಯುವ ಸ್ವಾತಂತ್ರ್ಯ, ಅರ್ಹ ವಿಜೇತ. ಆದರೆ ಅದೇ ವರ್ಷ ಜಪಾನಿನ ಫ್ರಮ್ ಸಾಫ್ಟ್‌ವೇರ್ ಸಂಸ್ಥೆಯ 'ಡಾರ್ಕ್ ಸೋಲ್ಸ್' ಕೂಡ ಬಂದಿತ್ತು. ಸತ್ತು ಸತ್ತು ಕಲಿಯಬೇಕಾದ ಕಠಿಣ ಆಟ. ಕಥೆಯನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಅಂತಿಮ ಐದರ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಹತ್ತು ವರ್ಷ ಕಳೆದು 2021ರಲ್ಲಿ 'ಗೋಲ್ಡನ್ ಜಾಯ್‌ಸ್ಟಿಕ್' ಜನಮತದಲ್ಲಿ ಸಾರ್ವಕಾಲಿಕ ಶ್ರೇಷ್ಠ ಆಟವೆಂದು ಆಯ್ಕೆಯಾದದ್ದು ಅದೇ 'ಡಾರ್ಕ್ ಸೋಲ್ಸ್'. ಅಷ್ಟು ಹೊತ್ತಿಗೆ 'ಸೋಲ್ಸ್‌ಲೈಕ್' ಎಂಬ ಪ್ರಕಾರವೇ ಹುಟ್ಟಿತ್ತು. ಅದೇ ಸಂಸ್ಥೆಯ 'ಸೆಕಿರೊ' 2019ರಲ್ಲಿ, 'ಎಲ್ಡನ್ ರಿಂಗ್' 2022ರಲ್ಲಿ 'ದ ಗೇಮ್ ಅವಾರ್ಡ್ಸ್'ನ ವರ್ಷದ ಆಟಗಳಾದವು. ತಂದೆಗೆ ಸಿಗದ ಪ್ರಶಸ್ತಿ ಮಕ್ಕಳಿಗೆ ಸಿಕ್ಕಿತು.

ಮೂರನೆಯದು 2019ರದು. 'ಡಿಸ್ಕೊ ಎಲಿಸಿಯಮ್' ಎಂಬ ಆಟದಲ್ಲಿ ಕಾಳಗವೇ ಇಲ್ಲವೆನ್ನಬಹುದು. ನೆನಪು ಕಳೆದುಕೊಂಡ ಪೊಲೀಸನೊಬ್ಬ ಜನರೊಂದಿಗೆ, ತನ್ನ ಮನಸ್ಸಿನೊಂದಿಗೆ ಮಾತಾಡುತ್ತಾ ಕೊಲೆಯೊಂದರ ತನಿಖೆ ನಡೆಸುತ್ತಾನೆ. ಅದು ಆಗ ಕಂಪ್ಯೂಟರಿನಲ್ಲಿ ಮಾತ್ರ ಲಭ್ಯವಿತ್ತು. ತಾನು ಸ್ಪರ್ಧಿಸಿದ ನಾಲ್ಕೂ ವಿಭಾಗಗಳಲ್ಲಿ ಗೆದ್ದಿತು. ಆದರೆ ವರ್ಷದ ಆಟದ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅದರ ಹುಟ್ಟು ಎಸ್ಟೋನಿಯಾದಲ್ಲಿ. ಜನಸಂಖ್ಯೆ ಸುಮಾರು 13 ಲಕ್ಷ. ಟ್ಯಾಲಿನ್ ನಗರದ ಗೆಳೆಯರ ಗುಂಪೊಂದು ಮೇಜಿನ ಮೇಲೆ ಕಾಗದ, ದಾಳಗಳೊಂದಿಗೆ ಆಡುತ್ತಿದ್ದ ಕಲ್ಪಿತ ಲೋಕವದು. ಅವರಲ್ಲೊಬ್ಬರಾದ ರಾಬರ್ಟ್ ಕುರ್ವಿಟ್ಸ್ ಮೊದಲು ಅದೇ ಲೋಕದ ಬಗ್ಗೆ ಎಸ್ಟೋನಿಯನ್ ಭಾಷೆಯಲ್ಲಿ ಕಾದಂಬರಿ ಬರೆದು 2013ರಲ್ಲಿ ಪ್ರಕಟಿಸಿದ್ದರು.

ಹಾಗಾದರೆ 'ಅತ್ಯಂತ ಪ್ರಭಾವಶಾಲಿ ಆಟ ಯಾವುದು' ಎಂದು ಜನರನ್ನೇ ನೇರವಾಗಿ ಕೇಳಿದರೆ? 2025ರಲ್ಲಿ ಬಾಫ್ಟಾ ಕೇಳಿತು. ಮೊದಲ ಸ್ಥಾನ 1999ರ 'ಶೆನ್ಮೂ' ಎಂಬ ಜಪಾನಿ ಆಟಕ್ಕೆ. ಏಳನೆಯ ಸ್ಥಾನ ಪಡೆದ 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್-2' ಎಂಬ ಜೆಕ್ ದೇಶದ ಪಾತ್ರಾಭಿನಯ ಆಟ ಬಿಡುಗಡೆಯಾಗಿ ಆಗ ಎರಡೇ ತಿಂಗಳಾಗಿತ್ತು! ಎರಡು ತಿಂಗಳಲ್ಲಿ ಒಂದು ಆಟ ಯಾರ ಮೇಲೆ ಪ್ರಭಾವ ಬೀರಿರಲು ಸಾಧ್ಯ? ಜನ ಉತ್ತರಿಸಿದ್ದು 'ನನಗೆ ಈಗ ಇಷ್ಟವಾದದ್ದು ಯಾವುದು' ಎಂಬ ಪ್ರಶ್ನೆಗೆ. ಪ್ರಶಸ್ತಿ ಎಂಬುದು ಒಂದು ವರ್ಷದ ಛಾಯಾಚಿತ್ರ, ಪ್ರಭಾವ ಎಂಬುದು ವಂಶಾವಳಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಎಲ್ಲ ವಾದಗಳ ಮೂಲ.

ಭಾಷೆಯಿಂದ ಬೆಳೆದ ಒಂದು ವಂಶ

ವಂಶಾವಳಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ನಿದರ್ಶನ ಪೋಲೆಂಡಿನದು. 1994ರಲ್ಲಿ ಇಬ್ಬರು ಯುವಕರು ವಾರ್ಸಾದಲ್ಲಿ 'ಸಿಡಿ ಪ್ರಾಜೆಕ್ಟ್' ಎಂಬ ಸಂಸ್ಥೆ ಕಟ್ಟಿದರು. ಅವರ ಕಸುಬು ಹೊರದೇಶದ ಆಟಗಳ ಸಿಡಿಗಳನ್ನು ತರಿಸಿ ಮಾರುವುದು. ಕಳ್ಳಪ್ರತಿಗಳ ಹಾವಳಿ ಅಲ್ಲಿಯೂ ಇತ್ತು. 1998ರ ಕೊನೆಯಲ್ಲಿ ಕೆನಡಾದ ಬಯೋವೇರ್ ಸಂಸ್ಥೆಯ 'ಬಾಲ್ಡರ್ಸ್ ಗೇಟ್' ಬಂತು. ಅದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ನಿಯಮಗಳ ಮೇಲೆಯೇ ನಿಂತ, ಮಾತು ತುಂಬಿದ ಆಟ. ಸಿಡಿ ಪ್ರಾಜೆಕ್ಟ್‌ನವರು ಇಡೀ ಆಟವನ್ನು ಪೋಲಿಷ್ ಭಾಷೆಗೆ ತಂದರು. ಹೆಸರಾಂತ ನಟರಿಂದ ಮಾತಾಡಿಸಿದರು. ಪೆಟ್ಟಿಗೆಯೊಳಗೆ ನಕ್ಷೆ, ನಿಯಮಪುಸ್ತಕಗಳನ್ನೂ ಇಟ್ಟರು. ಕಳ್ಳಪ್ರತಿಗಿಂತ ಅಸಲಿ ಪ್ರತಿಯೇ ಚೆನ್ನ ಎಂದು ಜನ ಕೊಂಡರು.

ಈ ಕೆಲಸದಿಂದ ಬಂದದ್ದು ಹಣ ಮಾತ್ರವಲ್ಲ. ಅಷ್ಟು ದೊಡ್ಡ ಆಟದ ಒಳಗನ್ನು ಸಾಲುಸಾಲಾಗಿ ಓದಿ, ಅದನ್ನು ಕಟ್ಟುವುದು ಹೇಗೆಂದು ಕಲಿಯುವ ಆಸೆಯೂ ಬಂತು. ತಮ್ಮದೇ ದೇಶದ ಲೇಖಕ ಆಂಡ್ರೇ ಸಪ್ಕೋವ್‌ಸ್ಕಿಯ ಕಥೆಗಳನ್ನು ಆಧರಿಸಿ, ಬಯೋವೇರ್‌ನದೇ ಎಂಜಿನ್ ಬಳಸಿ 2007ರಲ್ಲಿ 'ದ ವಿಚರ್' ಆಟ ಹೊರತಂದರು. ಅದರ ಮೂರನೆಯ ಭಾಗ 2015ರಲ್ಲಿ ವರ್ಷದ ಆಟವಾಯಿತು.

ಮೂಲ 'ಬಾಲ್ಡರ್ಸ್ ಗೇಟ್'ನ ನೇರ ವಂಶವೂ ನಿಲ್ಲಲಿಲ್ಲ. ಬೆಲ್ಜಿಯಮ್‌ನ ಲೇರಿಯನ್ ಸಂಸ್ಥೆ 2023ರಲ್ಲಿ ಅದರ ಮೂರನೆಯ ಭಾಗ ಹೊರತಂದಿತು. 'ದ ಗೇಮ್ ಅವಾರ್ಡ್ಸ್', 'ಗೋಲ್ಡನ್ ಜಾಯ್‌ಸ್ಟಿಕ್', 'ಡೈಸ್', ನಿರ್ಮಾಪಕರ ಸಮ್ಮೇಳನ, 'ಬಾಫ್ಟಾ', ಈ ಐದರಲ್ಲೂ ವರ್ಷದ ಆಟವೆನಿಸಿದ ಮೊದಲ ಆಟ ಅದು. ಅದರಲ್ಲಿ ಬೀಗ ತೆಗೆಯಲು, ಎದುರಿನವರನ್ನು ಒಪ್ಪಿಸಲು ಹೊರಟಾಗ ಪರದೆಯ ನಡುವೆ 20 ಮುಖದ ದಾಳವೊಂದು ಉರುಳುತ್ತದೆ. ಮೇಜಿನ ಮೇಲಿನ ದಾಳ 49 ವರ್ಷಗಳ ನಂತರ ಪರದೆಯಲ್ಲಿ ತಾನೇ ಕಾಣಿಸಿಕೊಂಡಿತು.

ಬೆಂಗಳೂರು ಹಿಡಿದ ದಾರಿ

ವಾರ್ಸಾದಲ್ಲಿ ಇದೆಲ್ಲ ನಡೆಯುತ್ತಿದ್ದ ಕಾಲದಲ್ಲೇ, 1997ರಲ್ಲಿ, ರಾಜೇಶ್ ರಾವ್ ಬೆಂಗಳೂರಿನಲ್ಲಿ 'ಧ್ರುವ ಇಂಟರಾಕ್ಟಿವ್' ಸ್ಥಾಪಿಸಿದರು. ಭಾರತದ ಆಟ ತಯಾರಿಕೆಯ ಚರಿತ್ರೆ ಸಾಮಾನ್ಯವಾಗಿ ಇಲ್ಲಿಂದಲೇ ಆರಂಭವಾಗುತ್ತದೆ. ಆಗ ಇಲ್ಲಿ ಆಟ ಕೊಳ್ಳುವ ಮಾರುಕಟ್ಟೆಯೇ ಇರಲಿಲ್ಲವೆನ್ನಬಹುದು. ಆದ್ದರಿಂದ ಸಂಸ್ಥೆ ಪ್ರಧಾನವಾಗಿ ಹಿಡಿದ ದಾರಿ ಹೊರದೇಶದ ಕಂಪೆನಿಗಳ ಆಟಗಳಿಗೆ ಚಿತ್ರ, ಮಾದರಿಗಳನ್ನು ಮಾಡಿಕೊಡುವುದು. 'ಫೋರ್ಝಾ' ಸರಣಿಯ ಕಾರುಗಳನ್ನು ರೂಪಿಸುವುದರಲ್ಲಿ ಅದರ ಕಲಾವಿದರ ಪಾಲಿತ್ತು. ಥಾಮಸ್ ಫ್ರೀಡ್‌ಮನ್ 2005ರಲ್ಲಿ ಪ್ರಕಟಿಸಿದ ಜಾಗತೀಕರಣದ ಕುರಿತ ಪುಸ್ತಕದಲ್ಲಿ ಧ್ರುವದ ಪ್ರಸ್ತಾಪವಿದೆ. ಮುಂದೆ ಅದು ಸ್ವೀಡನ್ನಿನ ಸ್ಟಾರ್‌ಬ್ರೀಝ್ ಸಂಸ್ಥೆಯ ಪಾಲಾಗಿ, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್‌ನ ಬೆಂಗಳೂರು ಶಾಖೆಯಲ್ಲಿ ಲೀನವಾಯಿತು. 2018ರಲ್ಲಿ ವರ್ಷದ ಆಟದ ಅಂತಿಮ ಪಟ್ಟಿಯಲ್ಲಿದ್ದ 'ರೆಡ್ ಡೆಡ್ ರಿಡೆಂಪ್ಶನ್-2' ಪಾತ್ರಾಭಿನಯ ಆಟವಲ್ಲವಾದರೂ ಇಲ್ಲಿ ಹೇಳಬೇಕು. ಅದನ್ನು ಕಟ್ಟಿದ ಶಾಖೆಗಳಲ್ಲಿ ಬೆಂಗಳೂರಿನದೂ ಒಂದು.

ಸರ್ಕಾರವೂ ಸುಮ್ಮನಿರಲಿಲ್ಲ. ಅನಿಮೇಶನ್ ಮತ್ತು ಆಟಗಳ ಉದ್ಯಮಕ್ಕೆಂದೇ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯ ಕರ್ನಾಟಕ, 2012ರಲ್ಲಿ. ಅದರ ಮೂರನೆಯ ಆವೃತ್ತಿ 2024ರಿಂದ ಜಾರಿಯಲ್ಲಿದೆ.

ಇದು ಸಣ್ಣ ಸಾಧನೆಯಲ್ಲ. ಸಾವಿರಾರು ಯುವಕರಿಗೆ ಕೆಲಸ, ಕೌಶಲ ದೊರೆತಿದೆ. ಆದರೆ ಬೇರೆಯವರ ಆಟಕ್ಕೆ ದುಡಿಯುವ ಬದುಕು ಬೇರೆಯವರ ಲೆಕ್ಕಪತ್ರವನ್ನೇ ನಂಬಿರುತ್ತದೆ. 2025ರ ಫೆಬ್ರವರಿಯಲ್ಲಿ ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದಾಗ ಅದರ ಭಾರತದ ಘಟಕವೂ ಮುಚ್ಚಿತು. ಬೆಂಗಳೂರು, ಮುಂಬೈಗಳಲ್ಲಿ ಕೆಲಸ ಕಳೆದುಕೊಂಡವರ ಸಂಖ್ಯೆ ಸುಮಾರು 3,000 ಎಂದು ವರದಿಯಾಯಿತು.

ಪ್ರಶಸ್ತಿಯ ವಾದಕ್ಕೂ ಈ ದುಡಿಮೆಗೂ ನಂಟಿದೆ. 2025ರ ವರ್ಷದ ಆಟ ಫ್ರಾನ್ಸಿನ 'ಕ್ಲೇರ್ ಆಬ್‌ಸ್ಕ್ಯೂರ್: ಎಕ್ಸ್‌ಪೆಡಿಶನ್-33', ಮತ್ತೊಂದು ಪಾತ್ರಾಭಿನಯ ಆಟ. ಮೂವತ್ತರಷ್ಟು ಜನರ ಪುಟ್ಟ ತಂಡ ಇದನ್ನು ಮಾಡಿತೆಂದು ಎಲ್ಲೆಡೆ ಹೊಗಳಿಕೆ ಹರಿಯಿತು. ಆದರೆ ಆಟದ ಕೊನೆಯ ಹೆಸರುಪಟ್ಟಿಯನ್ನು ಓದಿದವರು ಬೇರೆಯದನ್ನೂ ಕಂಡರು: ಪಾತ್ರಗಳಿಗೆ ಚಲನೆ ಕೊಟ್ಟ ಕೊರಿಯಾದ ಕಲಾವಿದರು, ತಪ್ಪು ಹುಡುಕಿದ ಪರೀಕ್ಷಕರು, ಅನುವಾದಕರು. ಇವರನ್ನು ಆ ಮೂವತ್ತರ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ? ಬೆಂಗಳೂರಿನ ಕಲಾವಿದರ ಪಾಲಿಗೆ ಇದು ದೂರದ ಪ್ರಶ್ನೆಯಲ್ಲ. ಅವರ ಕೆಲಸದ ಗುರುತು ಇರುವುದು ಅಂಥ ಹೆಸರುಪಟ್ಟಿಗಳಲ್ಲೇ.

ಒತ್ತಕ್ಷರದ ಅಡ್ಡಿ

2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4.37 ಕೋಟಿ. ಪೋಲೆಂಡಿನ ಜನಸಂಖ್ಯೆ ಇದಕ್ಕಿಂತ ಕಡಿಮೆ, ಸುಮಾರು 3.8 ಕೋಟಿ. ಆದರೂ 'ಬಾಲ್ಡರ್ಸ್ ಗೇಟ್-3' ಪೋಲಿಷ್‌ನಲ್ಲಿದೆ, ಕನ್ನಡದಲ್ಲಿಲ್ಲ. ಮಾತೇ ಜೀವಾಳವಾದ ಆಟಗಳಲ್ಲಿ ಇದು ಕೇವಲ ಅಭಿಮಾನದ ಸಂಗತಿಯಲ್ಲ. ಹತ್ತು ಲಕ್ಷಕ್ಕೂ ಮಿಕ್ಕಿದ ಪದಗಳಿರುವ ಆಟವನ್ನು ಇಂಗ್ಲಿಷ್ ಬಾರದ ಹುಡುಗಿ ಆಡುವುದು ಹೇಗೆ? ಆಡದವಳು ಮುಂದೆ ಅಂಥದನ್ನು ಕಟ್ಟುವುದು ಹೇಗೆ?

ಕೊಳ್ಳುವ ಶಕ್ತಿಯ ವ್ಯತ್ಯಾಸ ಒಂದು ಕಾರಣ, ನಿಜ. ಆದರೆ ತಾಂತ್ರಿಕ ಕಾರಣವೂ ಇತ್ತು. ಕಂಪ್ಯೂಟರಿನೊಳಗೆ 'ಕ್ಷ' ಒಂದು ಅಕ್ಷರವಲ್ಲ. ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಕೇತಗಳ ಸಾಲು. ಅವನ್ನು ಬೆಸೆದು ಒತ್ತಕ್ಷರ ಮೂಡಿಸಲು ಪ್ರತ್ಯೇಕ ತಂತ್ರಾಂಶ ಬೇಕು. ಪುಸ್ತಕ, ಪತ್ರಿಕೆಗಳ ಅಚ್ಚಿನಲ್ಲಿ ಈ ತೊಡಕನ್ನು 'ಬರಹ', 'ನುಡಿ' ಮೊದಲಾದವು ಹಿಂದೆಯೇ ಬಿಡಿಸಿದ್ದವು. ಆದರೆ ಆಟ ಕಟ್ಟುವ ಎಂಜಿನ್‌ಗಳಲ್ಲಿ ಹಲವು ಬಹುಕಾಲ ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬ ಲೆಕ್ಕದಲ್ಲೇ ನಡೆದವು. ಅಲ್ಲಿ ಕನ್ನಡ ಹಾಕಿದರೆ ಒತ್ತುಗಳು ಬಿಡಿಬಿಡಿಯಾಗಿ ಚೆಲ್ಲುತ್ತಿದ್ದವು. ಈಗ ಆ ಅಡ್ಡಿ ಸಡಿಲಗೊಂಡಿದೆ. 2023ರಲ್ಲಿ ಬಂದ 'ಗೊಡೊ-4' ಎಂಬ ಉಚಿತ, ಮುಕ್ತ ಎಂಜಿನ್ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ.

ಇಚ್ಛೆಯಿದ್ದರೆ ಆಗುತ್ತದೆ ಎಂಬುದಕ್ಕೆ ಸಾಕ್ಷಿಯೂ ಇದೆ. ಜಗತ್ತಿನ ಪ್ರಭಾವಶಾಲಿ ಆಟಗಳಲ್ಲೊಂದಾದ 'ಮೈನ್‌ಕ್ರಾಫ್ಟ್'ನ ಭಾಷಾಪಟ್ಟಿಯಲ್ಲಿ ಕನ್ನಡವಿದೆ. ಅದನ್ನು ತಂದವರು ಸ್ವಯಂಪ್ರೇರಣೆಯಿಂದ ಅನುವಾದಿಸಿದವರು. ನೆರೆಮನೆಯಿಂದಲೂ ಒಂದು ಪಾಠವಿದೆ. ಟೊರಾಂಟೊದ ಪುಟ್ಟ ತಂಡವೊಂದು 2023ರಲ್ಲಿ 'ವೆಣ್ಬಾ' ಎಂಬ ಆಟ ಹೊರತಂದಿತು. ಕೆನಡಾಕ್ಕೆ ಹೋದ ತಮಿಳು ತಾಯಿಯೊಬ್ಬಳು ಅಕ್ಷರ ಮಾಸಿದ ಅಡುಗೆ ಪುಸ್ತಕ ಹಿಡಿದು ಇಡ್ಲಿ ಬೇಯಿಸುವುದು, ಭಾಷೆ ಮರೆಯುತ್ತಿರುವ ಮಗನೊಂದಿಗೆ ಮಾತಾಡಲು ಹೆಣಗುವುದು, ಇಷ್ಟೇ ಕಥೆ. 2024ರಲ್ಲಿ ಅದಕ್ಕೆ ಸ್ವತಂತ್ರ ಆಟಗಳ ಉತ್ಸವದ ಮಹಾಪ್ರಶಸ್ತಿಯೂ ಚೊಚ್ಚಲ ಆಟದ ಬಾಫ್ಟಾ ಪ್ರಶಸ್ತಿಯೂ ಬಂದವು.

ನಾಲ್ಕು ಕವಡೆಯ ಆಟ

ಕಥೆಗಳಿಗೆ ನಮ್ಮಲ್ಲಿ ಬರವೆ? ಕತ್ತಲಗೆರೆ ಇರುವ ಚನ್ನಗಿರಿ ತಾಲ್ಲೂಕಿನಲ್ಲೇ ಶಾಂತಿಸಾಗರ, ಅಂದರೆ ಸೂಳೆಕೆರೆ ಇದೆ. ಶಾಂತವ್ವೆ ಎಂಬ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಾಗ ಆ ನೆಲ ಸೂಳೆಯರ ಒಡೆತನದಲ್ಲಿತ್ತು. ಕೆರೆಗೆ ತಮ್ಮ ಹೆಸರಿಡುವುದಾದರೆ ಮಾತ್ರ ನೆಲ ಬಿಡುತ್ತೇವೆ ಎಂದು ಅವರು ಷರತ್ತು ಹಾಕಿದರು ಎಂಬುದು ಅಲ್ಲಿನ ಐತಿಹ್ಯ. ಪಾತ್ರಾಭಿನಯ ಆಟಕ್ಕೆ ಬೇಕಾದ ಆಯ್ಕೆ ಇದರಲ್ಲಿಯೇ ಇದೆ. ನೀವು ಶಾಂತವ್ವೆಯಾಗಿದ್ದರೆ ಷರತ್ತಿಗೆ ಒಪ್ಪುತ್ತಿದ್ದಿರೆ? ಚೌಕಾಸಿ ಮಾಡುತ್ತಿದ್ದಿರೆ? ಏರಿಯನ್ನು ಬೇರೆಡೆ ಹಾಕಿಸುತ್ತಿದ್ದಿರೆ?

ಇದನ್ನು ಆಡಲು ಕಂಪ್ಯೂಟರೂ ಬೇಡ. ಒಬ್ಬರು ಮೇಷ್ಟ್ರಾಗಿ, ಮೂವರು ನಾಲ್ವರು ರಾಜಕುಮಾರಿ, ಒಡ್ಡರ ಯಜಮಾನ, ನೆಲದ ಒಡತಿ ಎಂದು ಪಾತ್ರ ವಹಿಸಿಕೊಳ್ಳಿ. ದಾಳದ ಬದಲು ನಾಲ್ಕು ಕವಡೆ ಸಾಕು. ಕವಡೆ ಅಂಗಾತ ಅಥವಾ ಬೋರಲು ಬೀಳುವ ಸಂಭವ ಸಮವೆಂದಿಟ್ಟುಕೊಂಡರೆ ಒಟ್ಟು 16 ಬಗೆ. ಸುಲಭ ಕೆಲಸಕ್ಕೆ ಎರಡು ಅಥವಾ ಹೆಚ್ಚು ಅಂಗಾತ ಬೀಳಬೇಕೆನ್ನಿ. 16ರಲ್ಲಿ 11 ಸಲ ಗೆಲುವು. ಕಷ್ಟದ ಕೆಲಸಕ್ಕೆ ಮೂರು ಅಥವಾ ಹೆಚ್ಚು. 16ರಲ್ಲಿ 5 ಸಲ. ಅಸಾಧ್ಯವೆನಿಸುವ ಕೆಲಸಕ್ಕೆ ಚೌಕವೇ ಬೀಳಬೇಕು; 16ರಲ್ಲಿ ಒಂದೇ ಸಲ. ಕವಡೆಗಳು ನಿಜವಾಗಿ ಸಮವಾಗಿ ಬೀಳುತ್ತವೆಯೇ? ನೂರು ಸಲ ಎಸೆದು ಬರೆದಿಟ್ಟು ನೀವೇ ಪರೀಕ್ಷಿಸಿ. ಅದು ಒಳ್ಳೆಯ ಪ್ರಯೋಗವೂ ಹೌದು.

ಗ್ಯಾರಿಯಟ್ ಶಾಲೆಯ ಯಂತ್ರದಲ್ಲಿ 28 ಸಲ ತಿದ್ದಿ ಬರೆದ. ಟ್ಯಾಲಿನ್‌ನ ಗೆಳೆಯರು ಕಾಗದದ ಮೇಲೆ ಒಂದು ಲೋಕ ಕಟ್ಟಿದರು. ವಾರ್ಸಾದವರು ಅನುವಾದದಿಂದ ಶುರುಮಾಡಿದರು. ಆ ದಿನಗಳಲ್ಲಿ ಇವರಿಗೆ ಯಾರೂ ಪ್ರಶಸ್ತಿ ಕೊಟ್ಟಿರಲಿಲ್ಲ. ಮುಂದಿನ ಡಿಸೆಂಬರ್‌ನಲ್ಲಿ ವರ್ಷದ ಆಟ ಯಾವುದೆಂದು ಗೆಳೆಯರ ನಡುವೆ ವಾದ ಎದ್ದಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿ ನೋಡಿ: ಈ ಆಟದಿಂದ ನಾವು ಎತ್ತಿಕೊಂಡು ನಮ್ಮ ಆಟದಲ್ಲಿ ಬಳಸಬಹುದಾದದ್ದು ಏನು?